ಗೋಡೆಯ ಆಚೆಯ ಗೆಲ್ಲು

ನಾನು ಈ ಶಾಲೆಯಲ್ಲಿ ಕಲಿತವಳಲ್ಲ.
ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ
ಬೆಳಿಗ್ಗೆಯಿಂದ ನಾಲ್ಕು ಜನ ಕೇಳಿಯಾಯಿತು:
"ವಾರಿಜಕ್ಕ, ನಿಮ್ಮದು ಯಾವ ವರ್ಷದ ಬ್ಯಾಚು?"
ಕೈಯಲ್ಲಿ ಸೌಟಿತ್ತು, ಸಾರು ಉಕ್ಕುವುದರಲ್ಲಿತ್ತು,
ನಕ್ಕು ಸುಮ್ಮನಾದೆ.

ರೆಂಜೆಯಡ್ಕ ಶಾಲೆಗೆ ನೂರು ವರ್ಷವಂತೆ.
ಮರಕ್ಕೆ ಎಷ್ಟೋ, ಕೇಳಿದವರಿಲ್ಲ.
ಮೊದಲ ಹಾಜರಿ ಪುಸ್ತಕ ಗೆದ್ದಲಿನ ಹೊಟ್ಟೆಗೆ ಹೋಯಿತು,
ಎರಡನೆಯದರಲ್ಲಿ ಒಂದು ಸಾಲು ಉಳಿದಿದೆ:
"ಕಟ್ಟಡವಿಲ್ಲ. ರೆಂಜೆ ಮರದ ಬುಡದಲ್ಲಿ ಹದಿನೇಳು ಮಕ್ಕಳು."
ಅದಕ್ಕೆ ಫ್ರೇಮು ಹಾಕಿಸಿದ್ದಾರೆ.

ಉಡುಪಿಯಿಂದ ಬಂದ ಬ್ಯಾನರಿನಲ್ಲಿ ಮಾತ್ರ
ಬಿಳಲು ಬಿಟ್ಟ ಯಾವುದೋ ಊರಿನ ಆಲದಮರ.
ಏಳನೆಯ ಕ್ಲಾಸಿನ ಶಮ್ನಾ ಸ್ಕೆಚ್ ಪೆನ್ನು ಹಿಡಿದು
"ಇದು ನಮ್ಮದಲ್ಲ" ಎಂದು ಬರೆಯಹೋಗಿ ಬೈಸಿಕೊಂಡಳು.
ಮಕ್ಕಳ ಕಿಸೆಯ ಮೇಲಿನ ಮರವೂ ಅಷ್ಟಕ್ಕಷ್ಟೆ,
ಡ್ರಾಯಿಂಗಿನ ವಿಠಲ ಮಾಸ್ಟ್ರು ಬಿಡಿಸಿದ್ದು, ಥೇಟು ಹೂಕೋಸು.
ಆದರೆ ಅದು ನಮ್ಮ ಹೂಕೋಸು.
ಅದಕ್ಕೆ ಯಾರದೂ ತಕರಾರಿಲ್ಲ.

ಮುರಕಲ್ಲಿನ ಈ ಗೋಡೆಯ ಆಚೆ, ಈಗ ನೀರಿನ ಟ್ಯಾಂಕಿ ಇರುವಲ್ಲಿ,
ನಮ್ಮ ಜಗಲಿ ಇತ್ತು.
ಅಮ್ಮ, ದೊಡ್ಡಮ್ಮ, ನಾನು,
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಬೀಡಿಯೆಲೆ,
ಹೊಗೆಸೊಪ್ಪು, ಕತ್ತರಿ, ನೂಲಿನ ಉಂಡೆ.
ರೆಂಜೆ ಗೋಡೆ ನೋಡಿ ಬೆಳೆದ ಮರವಲ್ಲ.
ಒಂದು ಗೆಲ್ಲು ಅವರ ಮೇಲೆ, ಒಂದು ನಮ್ಮ ಮೇಲೆ.
ಹೂ ತಡ್ಪೆಗೂ ಬೀಳುತ್ತಿತ್ತು.
ಎಷ್ಟು ಬೀಡಿಯೊಳಗೆ ಸುತ್ತಿಹೋಯಿತೋ ನನಗೇ ತಿಳಿಯದೆ,
ಯಾವ ಊರಿನ ಯಾವ ಗಂಡಸು
ದಮ್ಮು ಎಳೆದವನು
ಪರಿಮಳಕ್ಕೆ ಬೆಚ್ಚಿ ಬೀಡಿಯನ್ನು ತಿರುಗಿಸಿ ನೋಡಿದನೋ.

ಆಚೆಯಿಂದ ಮಗ್ಗಿ ಬರುತ್ತಿತ್ತು.
ಐತಪ್ಪ ಮಾಸ್ಟ್ರ ಬೆತ್ತ ಕಟ್ಟೆಗೆ ಬಡಿದ ಹಾಗೆ
ನಲವತ್ತು ಬಾಯಿ ಒಟ್ಟಿಗೆ,
ಅದೇ ತಾಳಕ್ಕೆ ನನ್ನ ಬೆರಳು ಸುರುಳಿ ಸುತ್ತುತ್ತಿತ್ತು.
ಮರದ ಕೆಳಗಿನ ಮಗ್ಗಿ ಇಪ್ಪತ್ತಕ್ಕೆ ನಿಲ್ಲುತ್ತಿತ್ತು.
ಬೀಡಿಯ ಕಟ್ಟಿಗೆ ಇಪ್ಪತ್ತೈದು.
ಮೇಲಿನ ಐದನ್ನು ನಾನೇ ಮಾಡಿಕೊಂಡೆ,
ಬಿದ್ದ ಹೂವನ್ನು ಸಾಲಿಟ್ಟು, ಅಮ್ಮ ಆಚೆ ತಿರುಗಿದಾಗ.

ಒಂದು ಶನಿವಾರ ಬೀಡಿ ಬ್ರಾಂಚಿನಲ್ಲಿ
ಶೀನ ರೈಟರು ಮೂವತ್ತೆಂಟು ಕಟ್ಟಿಗೆ
ಒಂಬೈನೂರು ಎಂದು ಬರೆದರು.
"ಒಂಬೈನೂರ ಐವತ್ತು," ಎಂದೆ.
ಪೆನ್ನು ನಿಂತಿತು. "ಯಾವ ಶಾಲೆ ನಿನ್ನದು?"
"ರೆಂಜೆಯಡ್ಕ," ಎಂದೆ.
ಅಮ್ಮ ನನ್ನ ಮುಖ ನೋಡಿದಳು.
ಮನೆ ಮುಟ್ಟುವ ತನಕ ಮಾತಾಡಲಿಲ್ಲ.

ಇಲ್ಲಿ ಬಿಸಿಯೂಟಕ್ಕೆ ಸೇರಿ ಹದಿನೆಂಟು ವರ್ಷ.
ಅಂಗಳ ಗುಡಿಸುವುದೂ ನಾನೇ,
ಮರದ ಬುಡವನ್ನು ಮಾತ್ರ ಮಕ್ಕಳು ಬಂದು ಹೋದ ಮೇಲೆ.
ರೆಂಜೆಗೆ ಸೂಜಿ ಬೇಡ, ನಡುವೆ ತೂತು ಹೊತ್ತೇ ಹುಟ್ಟುವ ಹೂ,
ಬಾಳೆನಾರು ಇದ್ದರೆ ಆಯಿತು.
ಒಣಗಿದರೂ ಪರಿಮಳ ಬಿಡುವುದಿಲ್ಲ,
ರೆನಿಟಾಳ ಗಣಿತದ ಪುಸ್ತಕ ತೆರೆದರೆ ನಿಮಗೇ ಗೊತ್ತಾಗುತ್ತದೆ.
ಗಂಟೆಗೆಂದು ನೇತುಹಾಕಿದ ರೈಲುಪಟ್ಟಿಯ ತುಂಡು,
ಅದರ ಸರಪಳಿಯ ಮೂರು ಕೊಂಡಿಯನ್ನು ಗೆಲ್ಲು ನುಂಗಿಯಾಗಿದೆ.
ಕರೆಂಟಿನ ಬೆಲ್ಲು ಬಂದಾಗ ಬಿಚ್ಚಲು ಹೋದರು,
ಬಿಚ್ಚಲು ಬರಲಿಲ್ಲ.

ಗೇಟಿನ ಹತ್ತಿರ ಮೇಜು, ಮೇಜಿನ ಮೇಲೆ ರಿಜಿಸ್ಟರು.
ಹೆಸರು. ವರ್ಷ. ಎಷ್ಟರ ತನಕ.
ಶಮ್ನಾ ಪೆನ್ನು ಚಾಚಿದಳು, "ನೀವು ಬರೆಯಲಿಲ್ಲ ಅಕ್ಕ."
ಕೈ ಒರಸಿಕೊಂಡೆ.
ಹೆಸರು ಬರೆದೆ. ವರ್ಷ ಖಾಲಿ ಬಿಟ್ಟೆ.
ಮೂರನೆಯ ಕಾಲಮಿನಲ್ಲಿ ಸ್ವಲ್ಪ ನಿಂತು
ಇಪ್ಪತ್ತೈದು
ಎಂದು ಬರೆದೆ.

"ಇಪ್ಪತ್ತೈದನೆಯ ಕ್ಲಾಸಾ?" ಅವಳಿಗೆ ನಗು ತಡೆಯಲಾಗಲಿಲ್ಲ.
ಹೇಳುತ್ತಿದ್ದೆನೋ ಏನೋ,
ಪಾಯಸಕ್ಕೆ ಬೆಲ್ಲ ಹಾಕುವುದಿತ್ತು.