ಏಳು ಚೌಕ

ಮೌಸು ಸತ್ತು ಮೂರು ತಿಂಗಳು. ಬಣ್ಣದ ಪರದೆ ಏಳುವುದೇ ಇಲ್ಲ.
ಉಮದಿಯ ನಮ್ಮ ಕನ್ನಡ ಶಾಲೆಗೆ ಉಳಿದದ್ದು
ಈ ಕಪ್ಪು ಹಲಗೆ, ಅದರ ಮೂಲೆಯಲ್ಲಿ
ಮಿಣಮಿಣ ಅನ್ನುವ ಒಂದು ಕಡ್ಡಿ.

ಗೆದ್ದಲು ಮುಗಿಸುವ ಮೊದಲೇ ದಾಖಲಾತಿ ಪುಸ್ತಕವನ್ನು
ಸಾಲುಸಾಲಾಗಿ ಕುಟ್ಟಿಟ್ಟು ಹೋದವರು ಬಗಲಿ ಗುರುಗಳು.
ಹೆಸರು, ಹುಟ್ಟಿದ ತಾರೀಖು, ಸೇರಿದ ವರ್ಷ.
"ನಮ್ಮಪ್ಪನ ಹೆಸರು ತೋರಸ್ರಿ ಸರ"
ಅಂತ ಬಂದಳು ನಾಲ್ಕನೇ ಇಯತ್ತೆಯ ಮಾಯಕ್ಕ.

ಕ್ಯಾಟ್ ಅಂತ ಒತ್ತಿದೆ.
"ಬೆಕ್ಕೇನ್ರಿ?"
ಬೆಕ್ಕೇ. ಗಡಿಗೆ ಉರುಳಿಸಿದಂತೆ ಒಂದೇ ಉಸಿರಿಗೆ
ಅರವತ್ತೇಳು ವರ್ಷ ಸುರಿದುಹೋಯಿತು,
ನಮ್ಮೂರಿಗೆ ನಿಲ್ಲದ ಸಾಂಗಲಿ ಎಸ್‌ಟಿಯ ಹಾಗೆ.
ಧೂಳಷ್ಟೇ ನಿಂತಿತು: ಕೊನೆಯ ಇಪ್ಪತ್ತು ಸಾಲು.

ಅದೂ ಅಂಕಿ ಮಾತ್ರ. ಹೆಸರಿರಬೇಕಾದಲ್ಲಿ
ಚೌಕ, ಚೌಕ, ಖಾಲಿ ಚೌಕ.
ಈ ಕಪ್ಪು ಪರದೆಗೆ ಕನ್ನಡ ಬರುವುದಿಲ್ಲ.
ಜತ್ತಿನ ಕಚೇರಿಯ ಕಿಟಕಿಗೂ ಬರುವುದಿಲ್ಲ,
ಅಲ್ಲಿ ನಾನು ಮರಾಠಿಯಲ್ಲೇ ನಗುತ್ತೇನೆ.

ಲೆಸ್ ಅಂದರೆ ಕಡಿಮೆ. ಹೆಚ್ಚು ಕಾಣುವುದು ಮಾತ್ರ ಇದರಲ್ಲೇ.
ಉದ್ದನೆಯ ಗುಂಡಿ ಒತ್ತಿದರೆ ಒಂದು ಪುಟ. ನಿಲ್ಲು, ಓದು,
ಬೇಕಾದರೆ ಹಿಂದಕ್ಕೆ ಹೋಗು.
"ಹಿಂಗ ನೋಡಿದ್ರ ಅಳಸ್ತೈತೇನ್ರಿ?"
ಇಲ್ಲವ್ವಾ, ನೋಡುವುದಷ್ಟೇ. ಎಷ್ಟು ಸಲ ನೋಡಿದರೂ
ಫೈಲಿಗೆ ಬೆರಳಿನ ಗುರುತು ಹತ್ತುವುದಿಲ್ಲ.

ತೊಂಬತ್ತೊಂದನೇ ಇಸವಿ. ಜೂನ್ ಒಂದು,
ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಶಾಲೆ ಕೊಟ್ಟ ತಾರೀಖು.
ಎದುರಿಗೆ ಏಳು ಚೌಕ. ಗಾಜಿಗೆ ಬೆರಳು ಒತ್ತಿ ಎಣಿಸಿದಳು:
ಬ, ಅದರ ಗುಡಿಸು, ರ, ಅದರ ಕೊಂಬು,
ದ, ಅದರ ಏತ್ವ, ವ.
"ಬಿರುದೇವ! ಇವನ ನಮ್ಮಪ್ಪ!"
ಕೆಳಗಿನ ಸಾಲಿನಲ್ಲೂ ಜೂನ್ ಒಂದು, ಅಲ್ಲೂ ಏಳು ಚೌಕ.
ನಾನು ಹೇಳಲಿಲ್ಲ.

ಅವಳು ಹೋದ ಮೇಲೆ ಟೇಲ್. ಕೊನೆಯ ಹತ್ತು ಸಾಲು.
ಕಡೆಯದು ಹೋದ ವರ್ಷದ್ದು.
ಪಕ್ಕದಲ್ಲೊಂದು ಅಡ್ಡಗೆರೆ, ಒಂದು ಎಫ್ ಸೇರಿಸಿದರೆ
ಇದು ಮುಗಿಯುವುದೇ ಇಲ್ಲ, ಬಾಲ ಹಿಡಿದು ಕೂತಿರುತ್ತದೆ
ಹೊಸ ಸಾಲು ಬಂದೀತೇನೋ ಅಂತ.
ಇವತ್ತು ಜೂನ್ ಇಪ್ಪತ್ತು.
ಸೇರಿಸಿ, ಒತ್ತಿ, ಚಹಾಕ್ಕೆ ಎದ್ದೆ.

ಹೊರಗೆ ಕಟ್ಟೆಯ ಮೇಲೆ ಮಾಯಕ್ಕ
ಇದ್ದಿಲಿನಿಂದ ಏಳು ಮನೆ ಬರೆದಿದ್ದಾಳೆ.
ಬಿಲ್ಲೆ ಎಸೆದು, ಲಂಗ ಎತ್ತಿ ಸಿಕ್ಕಿಸಿ, ಒಂಟಿಗಾಲಲ್ಲಿ
ರಕಾರದಿಂದ ದಕಾರಕ್ಕೆ
ನಡುವಿನ ಕೊಂಬು ತುಳಿಯದೆ ಜಿಗಿಯುತ್ತಾಳೆ.