ಬಲಗಂಬ

ಬ್ರೈನಾ ಕಾರ್ಲಿನ್ ಮೊದಲ ಸಲ ನನ್ನ ಅಂಗಡಿಗೆ ಬಂದಾಗ
ಕಂಕುಳಲ್ಲಿ ಒಂದು ಚಿತ್ರ, ಹಳೆಯ ಪರದೆಯಲ್ಲಿ ಸುತ್ತಿದ್ದು.
ಬಿಚ್ಚಿದರೆ ಮನೆಯಿಲ್ಲ, ಮನುಷ್ಯರಿಲ್ಲ,
ಬಾಗಿಲ ಒಂದೇ ಕಂಬ, ಬಲಗಡೆಯದು.
ಹೆಗಲೆತ್ತರದಲ್ಲಿ ಬೆರಳುದ್ದದ ಓರೆ ಗುರುತು,
ಸುತ್ತಲ ಬಣ್ಣಕ್ಕಿಂತ ಎರಡು ಪದರ ಎಳೆಯದು.

ಉಳಿದದ್ದು ಯಾವಾಗ ಬರೆಯುತ್ತೀರಿ, ಎಂದೆ. ಹೊಸಬ ನಾನು.
ಉಳಿದದ್ದೇ ಇಷ್ಟು, ಎಂದರು.

ಅಲ್ಲಿ ಒಂದು ಪುಟ್ಟ ಕೊಳವೆ ಇತ್ತಂತೆ,
ಒಳಗೆ ತೊಗಲಿನ ಸುರುಳಿ, ಸುರುಳಿಯಲ್ಲಿ ದೇವರ ಮಾತು.
ಒಳಬರುವವರು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರಂತೆ.
ಓರೆ ಯಾಕೆ?
ನಿಲ್ಲಿಸಬೇಕೆಂದ ಒಬ್ಬ ಪಂಡಿತ,
ಮಲಗಿಸಬೇಕೆಂದ ಅವನ ಮೊಮ್ಮಗ.
ನಮ್ಮಲ್ಲಾದರೆ ಇಂಥ ಜಗಳದಲ್ಲಿ ಕೂಸು ಬಡವಾಗುತ್ತದೆ;
ಅವರಲ್ಲಿ ವಾಲಿಕೊಂಡು ನಿಂತಿತು.

ವಿಲ್ನಾದಲ್ಲಿ ಹದಿನಾಲ್ಕು ಕಂಬ, ಥೆಸಲೋನಿಕಿಯಲ್ಲಿ ಐದು.
ಜೆರ್ಬಾ ದ್ವೀಪದಲ್ಲಿ ಒಂದು ನೀಲಿ ಬಾಗಿಲ ಮುಂದೆ
ಮುಕ್ಕಾಲಿ ಬಿಡಿಸಿ ಕೂತರೆ ಬಾಗಿಲು ತೆರೆಯಿತು,
ಒಳಗೆ ಜನ ಇದ್ದರು! ಕರೆದು ಮೀನು ಬಡಿಸಿದರು.
ಆ ಚಿತ್ರ ಮಾತ್ರ ಕೆಟ್ಟಿತು, ಎಂದು ನಕ್ಕರು,
ಹೊಟ್ಟೆ ತುಂಬಿದ ಕೈಗೆ ಕಂಬ ನೆಟ್ಟಗೆ ಬರಲಿಲ್ಲ.

ಕುಂಚ ಹೋಗುತ್ತಿದ್ದುದು ಬಲದಿಂದ ಎಡಕ್ಕೆ.
ಅಜ್ಜನ ತೊಡೆಯ ಮೇಲೆ ಓದು ಕಲಿತದ್ದೇ ಹಾಗೆ,
ಅಕ್ಷರಕ್ಕೊಂದು ಹನಿ ಜೇನು ನೆಕ್ಕಿ.
ಎಡದಂಚಿಗೆ ಬರುವಷ್ಟರಲ್ಲಿ
ಬೆಳಕು ಮುಗಿಯುತ್ತಿತ್ತು. ಅಥವಾ ವೀಸಾ.

ಅಪ್ಪ ಆಸ್ಬೋರ್ನ್ ಬೀದಿಯಲ್ಲಿ ದರ್ಜಿ, ಹಡಗಿನವರ ಕೋಟಿಗೆ ಹೆಸರುವಾಸಿ.
ಕಪ್ಪು ಉಣ್ಣೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು,
ಕತ್ತರಿಸಿ, ಹೊಲಿದು, ಗೆರೆಯನ್ನು ಉಜ್ಜಿಬಿಡುತ್ತಿದ್ದ.
ಮಗಳು ಕಣ್ಣಿಟ್ಟದ್ದು ಕೋಟಿನ ಮೇಲಲ್ಲ,
ಉಜ್ಜಿದ ಗೆರೆಯ ಮೇಲೆ.

ನಮ್ಮ ಮಾತಿನಲ್ಲಿ ಬಾಗಿಲಿಗೂ ಚೌಕಟ್ಟು, ಚಿತ್ರಕ್ಕೂ ಚೌಕಟ್ಟು,
ಎಂದು ಒಂದು ದಿನ ಹೇಳಿದೆ.
ಮೂರು ಸಲ ಹೇಳಿಸಿಕೊಂಡರು. ಚೌಕತು. ಚೌಕತ್ತು.
ಹಾಗಾದರೆ ಇಷ್ಟು ವರ್ಷ ನನಗೆ
ನೀನು ಮನೆ ಕಟ್ಟಿಕೊಡುತ್ತಿದ್ದೆ, ಬಿಲ್ಲು ಕಡಿಮೆಯಾಯಿತು!

ಶುಕ್ರವಾರವಾದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.
ಡಿಸೆಂಬರಿನಲ್ಲಿ ಮೂರೂವರೆಗೆಲ್ಲ ಸೂರ್ಯ
ಹಂಬರ್ ನದಿಯ ಕೆಸರಿಗೆ ಇಳಿಯುತ್ತಾನೆ;
ಅಷ್ಟರೊಳಗೆ ದೀಪ ಹಚ್ಚಬೇಕು. ಹೊರಟರೆ ತಿರುಗಿ ನೋಡುತ್ತಿರಲಿಲ್ಲ.

ಕೊನೆಯ ಚಿತ್ರದಲ್ಲಿ ಕಂಬವೂ ಇರಲಿಲ್ಲ.
ಅಂಚಿನಿಂದ ಅಂಚಿಗೆ ನದಿಯ ಕಂದು, ಹಾಲು ಹೆಚ್ಚಾದ ಚಹಾದ ಹಾಗೆ.
ಇದು ಯಾವ ಊರು?
ಇದೇ ಊರು, ನನ್ನ ಮನೆ.
ನಲವತ್ತೊಂದರ ಮೇ ತಿಂಗಳು. ಎರಡು ರಾತ್ರಿ ಬಾಂಬು.
ಒಂಬತ್ತರ ಹುಡುಗಿ ಹಳ್ಳಿಯ ಆಸರೆಯಿಂದ ಮರಳಿದಾಗ
ಹಲ್ ಎಂಬ ಊರಿನ ಬೀದಿಯಲ್ಲಿ ಹಲ್ಲೇ ಇಲ್ಲ.
(ಈ ಶ್ಲೇಷೆ ನನ್ನದು. ಅವರಿಗೆ ಹೇಳಲಿಲ್ಲ.)

ಕಂಬದ ಬಣ್ಣ ನೆನಪಿಲ್ಲ, ಎಂದರು.
ಎತ್ತರ ನೆನಪಿದೆ. ಅಪ್ಪ ಎತ್ತಿ ಮುಟ್ಟಿಸುತ್ತಿದ್ದ.
ಸುಳ್ಳು ಕಂಬ ಬರೆಯಲಾರೆ, ನೀನು ಕೊಡು.

ಓಕ್ ಮರದ ಚೌಕಟ್ಟಿನ ಬಲಗಡೆ
ಮೇಲಿನಿಂದ ಮೂರರಲ್ಲಿ ಒಂದು ಪಾಲು ಅಳೆದು
ಉಳಿ ಇಟ್ಟೆ, ಓರೆಯಾಗಿ.
ಎದ್ದ ಚಕ್ಕೆಯನ್ನು ಅವರು ಆಯ್ದುಕೊಂಡು
ಕೋಟಿನ ಜೇಬಿಗೆ ಹಾಕಿದರು. ಹಣ ಕೊಡಲು ಮರೆತರು.

ಅವರು ತೀರಿದ ಚಳಿಗಾಲ ಗ್ಯಾಲರಿಯಿಂದ ಫೋನು:
ಚೌಕಟ್ಟಿನ ಬಲಕ್ಕೆ ಏಟು ಬಿದ್ದಿದೆ,
ಮರದ ಪುಡಿ ತುಂಬಿ ಮೆರುಗು ಹಚ್ಚಲು ಎಷ್ಟಾಗುತ್ತದೆ?

ಏನೂ ಮಾಡಬೇಡಿ, ಎಂದೆ.
ತೂಗುಹಾಕುವಾಗ ಒಂದು ನೋಡಿಕೊಳ್ಳಿ:
ಮಗುವಿಗೆ ಎಟುಕಬಾರದು.
ಯಾರಾದರೂ ಎತ್ತಬೇಕು.