ಮಾಫಿ

ನಿನ್ನವ್ವ ಎರಡನೇ ಹೆರಿಗೆಗೆ ಹಾವೇರಿಗೆ ಹೋದ ಚಳಿಗಾಲ.
ನಿನಗಾಗ ಒಂಬತ್ತು, ಮೆಹಜಬೀನ್.
ಹಾಯಿಲ್ ಊರಿನ ನಿನ್ನ ಶಾಲೆಗೆ ರಜೆ.
ಕೋಣೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿಲ್ಲ,
ಪಿಕಪ್ಪಿನ ಮುಂದಿನ ಸೀಟಿನಲ್ಲಿ
ತೋಟಾ ಪೆಟ್ಟಿಗೆ ಒತ್ತರಿಸಿ ಕೂರಿಸಿಕೊಂಡೆ.

ಅಬು ಮುತ್ಲಕನ ಬೇಲಿ ಹದಿನಾಲ್ಕು ಕಿಲೋಮೀಟರು ಸುತ್ತಳತೆ.
ಒಳಗಿನವು ಅವನೇ ಸಾಕಿದವು, ಅವನೇ ಹೊಡೆಯುವವು.
ಗುರುವಾರ ರಾತ್ರಿ ರಿಯಾದಿನಿಂದ ನೆಂಟರು,
ಶುಕ್ರವಾರ ಫಜರ್ ಮುಗಿಸಿ ಬೇಟೆ.
ನಾನು ಗಾಡಿ ಓಡಿಸಬೇಕು, ಹುಡುಕಿ ಕೊಡಬೇಕು,
ಬಿದ್ದದ್ದರ ಚರ್ಮ ಬಿಡಿಸಬೇಕು.
ತಲೆಗೆ ಐವತ್ತು ರಿಯಾಲು, ಪಗಾರ ಬಿಟ್ಟು.
ಬಾಣಂತನದ ಖರ್ಚು ಅದರಲ್ಲೇ ಎಂದು ಲೆಕ್ಕ ಹಾಕಿದ್ದೆ.

ನಮ್ಮ ಕಡೆ ಇದಕ್ಕೆ ಚಿಗರಿ ಅಂತಾರೆ ಎಂದೆ ನಿನಗೆ,
ಗೋವಿನಜೋಳದ ಮೊಳಕೆ ತಿನ್ನುತ್ತದೆಂದು
ನಿನ್ನಜ್ಜ ರಾತ್ರಿಯೆಲ್ಲ ಡಬ್ಬಿ ಬಡಿಯುತ್ತಿದ್ದ.
ಇಲ್ಲಿ ಇದು ರೀಮ್, ಎಂದ ಅಬು ಮುತ್ಲಕ್,
ನಿನ್ನ ಗಲ್ಲ ಹಿಂಡಿ: ನೀನೂ ರೀಮ್.
ಹೆಣ್ಣುಮಕ್ಕಳಿಗೆ ಇಡುವ ಹೆಸರು.
ಬಂದೂಕು ಎತ್ತುವಾಗಲೂ ಅದನ್ನೇ ಪಿಸುಗುಡುತ್ತಾರೆ.

ನಿನ್ನ ಕಣ್ಣು ನನ್ನದಕ್ಕಿಂತ ಚುರುಕು.
ಮರಳ ಮೇಲೆ ಮರಳಿನದೇ ಬಣ್ಣ, ನಾನು ಹುಡುಕಿ ಸೋತಾಗ
ಮರಳು ನೋಡಬೇಡ ಅಬ್ಬಾ, ನೆರಳು ನೋಡು, ಅಂದೆ.
ಕಂಡ ಕೂಡಲೇ ಮೊದಲು ನಿನ್ನ ಮೊಣಕಾಲು
ಗೇರಿನ ಕೋಲಿಗೆ ತಾಕುತ್ತಿತ್ತು,
ಬೆರಳು ಏಳುತ್ತಿದ್ದದ್ದು ಆಮೇಲೆ.
ಮೊದಲ ವಾರ ಮೂರು. ಎರಡನೆಯ ವಾರ ನಾಲ್ಕು.
ನೀನು ಬೆರಳು ಮಾಡಿದಲ್ಲಿಗೆಲ್ಲ ಗುಂಡು ಹೋಯಿತು.

ಅಳುತ್ತೀಯೆಂದುಕೊಂಡಿದ್ದೆ.
ನೀನು ಬಕೀಟು ಹಿಡಿದು ನಿಂತೆ,
ಕರುಳಿನಿಂದೆದ್ದ ಹಬೆಗೆ ಅಂಗೈ ಕಾಯಿಸಿಕೊಂಡೆ,
ಪಿತ್ತ ಒಡೆದೀತು, ಮೆಲ್ಲಗೆ, ಎಂದು ನನಗೇ ಹೇಳಿದೆ.
ಊರಲ್ಲಿ ಕೊರಳಿಗೆ ಹಾಕುವ ಏಲಕ್ಕಿಯನ್ನು
ಇಲ್ಲಿ ಕುದಿಸಿ ಕುಡಿಯುವ ಜನ
ನಿನ್ನ ಮಡಿಲು ತುಂಬ ಖರ್ಜೂರ ಸುರಿದರು.
ಹೇಳಲು ಈಗ ನಾಚಿಕೆ;
ಆಗ ನನ್ನ ಎದೆ ಉಬ್ಬಿದ್ದು ನಿಜ.

ಕೊನೆಯ ಶುಕ್ರವಾರ. ಗಾಜಿನ ಮೇಲೆ ಇಬ್ಬನಿ.
ಕೆಂಪು ದಿಬ್ಬದ ಬುಡಕ್ಕೆ ಒಂದು ಮೋಟು ಜಾಲಿ,
ಜಾಲಿಯಡಿ ಅದು.
ಗಂಡು. ಕೊಂಬಿನ ಉಂಗುರ ಎಣಿಸುವಷ್ಟು ಹತ್ತಿರ.
ಮೊಣಕಾಲು ತಾಕಿತು.
ಬೆರಳು ಏಳಲಿಲ್ಲ.

ಹಿಂದೆ ನಿಂತ ಅಬು ಮುತ್ಲಕ್ ತಗಡು ಬಡಿದ:
ರೀಮ್, ಏನಾದರೂ ಕಂಡಿತೆ?
ಮಾಫಿ, ಅಂದೆ ನೀನು.
ಅವನ ಭಾಷೆಯಲ್ಲಿ ಏನಿಲ್ಲ ಅಂತ.
ನಾನು ನಮ್ಮ ಭಾಷೆಯಲ್ಲಿ ಕೇಳಿಸಿಕೊಂಡೆ.
ಗೇರು ಬದಲಿಸಿದೆ. ಗಾಡಿ ಎಡಕ್ಕೆ ಹೊರಳಿತು.
ಐವತ್ತು ರಿಯಾಲು ಜಾಲಿಯ ಕೆಳಗೆ ನಿಂತು
ಮೆಲುಕು ಹಾಕುತ್ತಲೇ ಇತ್ತು.

ಕನಿಕರವೆನ್ನೋಣವೆಂದರೆ
ಅವತ್ತು ಮಧ್ಯಾಹ್ನ ಹಿಂದಿನ ವಾರದ ಮಾಂಸದ ಕಬ್ಸಾ
ಎರಡು ಸಲ ಬಡಿಸಿಕೊಂಡು ಉಂಡೆಯಲ್ಲ ನೀನು,
ಮೂಳೆ ಚೀಪಿ, ಬೆರಳು ನೆಕ್ಕಿ.
ಯಾಕೆ ಎಂದು ನಾನು ಕೇಳಲಿಲ್ಲ.
ಕೇಳಿದ್ದರೆ ನನಗೂ ಕಂಡಿತ್ತು ಎಂದಾಗುತ್ತಿತ್ತು.

ಹದಿನೈದು ವರ್ಷ. ಇದೇ ಊರಿನ ಆಸ್ಪತ್ರೆಯಲ್ಲಿ
ಎಕ್ಸ್‌ರೇ ತೆಗೆಯುತ್ತೀ ಈಗ, ಬಿಳಿ ಕೋಟು ತೊಟ್ಟು.
ಕೆಮ್ಮು ಎಂದು ನಾನು ಬಂದರೆ
ಉಸಿರು ಹಿಡಿ ಅಬ್ಬಾ, ಬಿಡು ಅಬ್ಬಾ, ಎಂದೆ.
ಪರದೆಯ ಮೇಲೆ ನನ್ನ ಪಕ್ಕೆಲುಬು,
ಗಾಳಿ ಗೆರೆ ಕೊರೆದ ಮರಳಿನಂತೆ.
ನೀನು ನೋಡಿದೆ. ತುಂಬ ಹೊತ್ತು ನೋಡಿದೆ,
ಮರಳು ಬಿಟ್ಟು ನೆರಳು ನೋಡುವವಳು.

ಏನಿಲ್ಲ ಬಿಡು, ಎಂದೆ.
ಮೇಜಿನ ಕಾಲಿಗೆ ಏನೋ ತಾಕಿದ ಸದ್ದು.

ಅಂಗಿಯ ಗುಂಡಿ ಹಾಕಿಕೊಂಡೆ.
ನಡಿ, ಎಂದೆ, ನಿನ್ನ ತಮ್ಮ ಊಟಕ್ಕೆ ಕಾಯುತ್ತಿದ್ದಾನೆ,
ಈವತ್ತು ಗಾಡಿ ನೀನೇ ಓಡಿಸು.